ಗೋಡೆಯ ಆಚೆ ಅಕ್ಕ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಮನೆಯೊಡತಿಗೆ,

ನಿನ್ನ ಮಂಡಿನೋವು ಹೇಗಿದೆ? ನಿನ್ನ ತಂಗಿಗೆ ಹೊಲಿಗೆ ಬಿಚ್ಚಿದರೇ? ಅವಳ ಆರೈಕೆಗೆಂದು ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ನಾನು ಆರೋಗ್ಯವಾಗಿದ್ದೇನೆ, ಅಡುಗೆ ಮಾತ್ರ ದಿನವೂ ತಳ ಹಿಡಿಯುತ್ತಿದೆ.

ಅಲ್ಲಿ ಸೇರಿರುವ ನಿನ್ನ ಬಳಗಕ್ಕೆಲ್ಲ ನನ್ನ ವಂದನೆಗಳನ್ನು ತಿಳಿಸು. ನೀನು ಎಂದೂ ಕೊಕ್ಕರೆಯೆಂದೇ ಕರೆಯುತ್ತಿದ್ದ ನಮ್ಮ ಮಗ ತೀರಿಕೊಂಡು ನಾಳೆಗೆ ವರ್ಷವಾಗುತ್ತದೆಂಬುದನ್ನು ನೆನಪಿಟ್ಟು ಒಬ್ಬೊಬ್ಬರಾಗಿ ಫೋನಿನಲ್ಲಿ ಮಾತನಾಡಿದರು. ಅವರ ಸೌಜನ್ಯಕ್ಕೆ ನಾನು ಋಣಿ. ಅವರ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಏಕೆಂದರೆ ನಿನ್ನ ತಮ್ಮ ಅದರೊಳಗೊಂದು ವಾದವನ್ನು ಸುತ್ತಿ ಕಳಿಸಿದ್ದಾನೆ: “ಭಾವ, ನೀವಿನ್ನೂ ದುಃಖದಲ್ಲಿದ್ದೀರಿ, ಈಗ್ಯಾಕೆ ಊರ ಮಕ್ಕಳ ಉಸಾಬರಿ?” ದುಃಖದಲ್ಲಿರುವವನ ತೀರ್ಮಾನ ತಪ್ಪಾಗಿಯೇ ಇರುತ್ತದೆಂಬುದಕ್ಕೆ ಆಧಾರವೇನು? ಕಾಲೇಜಿನ ಚರ್ಚಾಕೂಟದಲ್ಲಿ ಹೀಗೆ ವಾದಿಸಿದವನನ್ನು ನಾನು ಎದ್ದ ಗಳಿಗೆಯಲ್ಲೇ ಕೂರಿಸುತ್ತಿದ್ದೆ. ನಿನ್ನ ತಮ್ಮನೆಂದು ಬಿಟ್ಟಿದ್ದೇನೆ.

ಆಸರೆ ತಪ್ಪಿದ ಒಂದು ಮಗುವನ್ನು, ಅದರ ಮನೆಯವರು ಮತ್ತೆ ಕರೆದೊಯ್ಯುವಂತಾಗುವವರೆಗೆ, ನಾವು ಸಾಕುವುದೆಂದೂ ಕೊಕ್ಕರೆಯ ಕೋಣೆಯನ್ನು ಅದಕ್ಕೆ ಬಿಟ್ಟುಕೊಡುವುದೆಂದೂ ಇಬ್ಬರೂ ಕೂಡಿಯೇ ಒಪ್ಪಿದ್ದೆವು. ಹೊರಡುವ ಮುನ್ನ ಅವನ ಬಟ್ಟೆಗಳನ್ನು ನೀನೇ ಮಡಿಸಿಟ್ಟೆ. ಆದರೆ ಶುಕ್ರವಾರ ಮಕ್ಕಳ ಇಲಾಖೆಯ ಮೇಡಂ ಮನೆ ನೋಡಲು ಬಂದಾಗ ಅವರೊಂದಿಗೆ ಇದ್ದದ್ದು ಒಂದು ಮಗುವಲ್ಲ, ಎರಡು: ಹನ್ನೊಂದು ವರ್ಷದ ಅಕ್ಕ, ಐದು ವರ್ಷದ ತಮ್ಮ. ಇಬ್ಬರಿಗೂ ಒಂದೇ ಮನೆಯಲ್ಲಿ ಮಲಗಲು ತಕ್ಕ ಜಾಗ ದೊರೆಯದಿದ್ದರೆ ಅಕ್ಕ ಒಂದು ಊರಿಗೆ, ತಮ್ಮ ಇನ್ನೊಂದು ಊರಿಗೆ. ಸಂಜೆಯೊಳಗೆ ಉತ್ತರ ಬೇಕೆಂದರು.

ಆಕೆ ಅಳತೆಯ ಟೇಪು ಹಿಡಿದೇ ಒಳಗೆ ಬಂದರು. ಬೆಳೆಯುತ್ತಿರುವ ಹುಡುಗಿ ಮತ್ತು ಹುಡುಗ ಒಂದೇ ಕೋಣೆಯಲ್ಲಿ ಮಲಗಕೂಡದು, ದೊಡ್ಡವರ ಕೋಣೆಯಲ್ಲೂ ಕೂಡದು. ಒಬ್ಬೊಬ್ಬರಿಗೂ ಅವರದೇ ಹಾಸಿಗೆ, ತೆರೆಯುವ ಕಿಟಕಿ, ಮುಚ್ಚುವ ಬಾಗಿಲು ಬೇಕು. ನಾನು ಸುಮ್ಮನಿರುವವನೇ? ಕೊಕ್ಕರೆಯ ಕೋಣೆಯ ನಡುವೆ ಪರದೆ ಕಟ್ಟೋಣವೆಂದೆ. “ಪರದೆ ಗೋಡೆಯಲ್ಲ ಸರ್.” ಹಾಲ್‌ನಲ್ಲಿ ಸೋಫಾ ಇದೆಯೆಂದೆ. “ಎಲ್ಲರೂ ಓಡಾಡೋ ಕಡೆ ಮಗು ನಿದ್ದೆ ಮಾಡಲ್ಲ, ಕಾವಲು ಕಾಯುತ್ತೆ.” ಸಾಮಾನಿನ ಕೋಣೆಯನ್ನು ತೋರಿಸಿದೆ. ಆಕೆ ಕಿಟಕಿಯಿಲ್ಲದ ಗೋಡೆಯನ್ನು ನೋಡಿ, ನನ್ನನ್ನು ನೋಡಿ, “ನೀವು ಮಲಗ್ತೀರಾ?” ಎಂದರು. ಬೇರೆ ಗತಿಯಿಲ್ಲದೆ ಗಾದೆಯ ಮೊರೆಹೊಕ್ಕೆ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ ಮೇಡಂ? “ಅದು ದೊಡ್ಡವರಿಗೆ ಸರ್. ಮಕ್ಕಳಿಗಾದ್ರೆ ಕಾಲು ನೋಡಿ ಹಾಸಿಗೆ ಹಾಕ್ಬೇಕು.” ಮಂಚದಾಚೆ ಪಾದ ನೇತುಬಿಟ್ಟು ಮಲಗುತ್ತಿದ್ದ ಮಗನಿಗೂ ನಾನು ಇದೇ ಗಾದೆ ಹೇಳಿದ್ದೆ. “ಕಾಲು ಬೆಳೀತಿದೆ, ಮಂಚ ಬೆಳೀತಿಲ್ಲ, ನಾನೇನ್ ಮಾಡ್ಲಿ ಅಪ್ಪಾ?” ಎಂದಿದ್ದ. ಅಂದು ನೀನು ನಕ್ಕಿದ್ದೆ, ನಾನು ನಕ್ಕಿರಲಿಲ್ಲ. ಶುಕ್ರವಾರ ನಕ್ಕೆ. ಮೇಡಂಗೆ ಕೊಂಚ ಗಾಬರಿಯಾಯಿತು.

ಅಷ್ಟರಲ್ಲಿ ಹುಡುಗಿ ಮನೆಯ ಬಾಗಿಲುಗಳನ್ನೆಲ್ಲ ಎಳೆದು, ತಳ್ಳಿ ನೋಡುತ್ತಿದ್ದಳು. ಮೊದಲಿದ್ದ ಮನೆಯಲ್ಲಿ ಅವಳಿಗೆ ಅಡುಗೆಮನೆಯ ದಾರಿಯಲ್ಲೇ ಚಾಪೆ ಹಾಸುತ್ತಿದ್ದರಂತೆ. ಬೂಟು ಬಿಚ್ಚದೆ ಮಲಗುವ ಅಭ್ಯಾಸ ಅಲ್ಲಿಂದ ಬಂದದ್ದೆಂದು ಮೇಡಂ ತಗ್ಗಿದ ದನಿಯಲ್ಲಿ ತಿಳಿಸಿದರು. ಹುಡುಗಿ ನಮ್ಮಿಬ್ಬರ ಕೋಣೆಯ ಬಾಗಿಲಲ್ಲಿ ನಿಂತು, “ಇದನ್ನ ಒಳಗಿಂದ ನಾನೇ ಮುಚ್ಕೋಬಹುದಾ ಅಂಕಲ್?” ಎಂದಳು. ಮುಚ್ಚಿಕೊಳ್ಳಬಹುದು, ಬರುವವರು ತಟ್ಟಿ ಕೇಳಿ ಬರುತ್ತಾರೆ ಎಂದೆ. “ನೀವೂನಾ?” ನಾನೂ ಎಂದೆ. ಮಾತಿನ ಮೇಲೆ ನಂಬಿಕೆಯಿಲ್ಲದವಳಂತೆ ತಕ್ಷಣ ಒಳಹೋಗಿ ಬಾಗಿಲು ಮುಚ್ಚಿದಳು. ನನ್ನ ಮನೆಯಲ್ಲಿ, ನನ್ನ ಕೋಣೆಯ ಬಾಗಿಲನ್ನು ನಾನೇ ತಟ್ಟಿದೆ. ಸಾಕಷ್ಟು ಕಾಯಿಸಿದ ಬಳಿಕ “ಬನ್ನಿ” ಎಂಬ ಅಪ್ಪಣೆಯಾಯಿತು. ಅತ್ತ ಪಕ್ಕದ ಕೋಣೆಯಲ್ಲಿ ಕೊಕ್ಕರೆಯ ಮಂಚ ಹತ್ತಿದ್ದ ಪುಟ್ಟ, ಅಕ್ಕ ಕಾಣದೆ ರಾಗ ಎಳೆಯತೊಡಗಿದ್ದ. ಇವಳು ಈಚೆಯಿಂದ ಗೋಡೆಯನ್ನು ಗುದ್ದಿ, “ಲೋ, ಇಲ್ಲೇ ಇದ್ದೀನಿ ಕಣೋ, ಮುಚ್ಚು ಬಾಯಿ!” ಎಂದಳು. ಆಚೆಯಿಂದ ಅವನೂ ಗುದ್ದಿದ. ಇಬ್ಬರೂ ಗೋಡೆಯನ್ನು ಕೆಡವಿಯಾರೆಂದು ನಾನು ನಡುವೆ ಪ್ರವೇಶಿಸಬೇಕಾಯಿತು. ಹೋಗಿ ನೋಡಿದರೆ ಆ ಪೋರ ಗೋಡೆಗೆ ಬೆನ್ನು ಒತ್ತಿಕೊಂಡು, ಬಾಯಿ ತೆರೆದು, ನಡುಮಧ್ಯಾಹ್ನ ಗಾಢವಾಗಿ ನಿದ್ರಿಸುತ್ತಿದ್ದ.

ನಿನಗೆ ಫೋನು ಮಾಡಿ ಕೇಳಬಹುದಿತ್ತು. ಆದರೆ ಆ ಮನೆಯಲ್ಲಿ ನಿನ್ನನ್ನು ಕೇಳುವುದೆಂದರೆ ಇಡೀ ಸಭೆಯ ಮತ ಕೇಳುವುದು. ಸಂಜೆಯಾದರೂ ನಿನ್ನ ತಮ್ಮ ಪೀಠಿಕೆಯಲ್ಲೇ ಇರುತ್ತಿದ್ದ. ಆದ್ದರಿಂದ ನಾನೊಬ್ಬನೇ ಉತ್ತರ ಕೊಟ್ಟೆ.

ನಿನ್ನ ತಂಗಿಗೆ ಆಶೀರ್ವಾದಗಳು, ಹಿರಿಯರಿಗೆ ನಮಸ್ಕಾರಗಳು, ನಿನ್ನ ತಮ್ಮನಿಗೆ ಪ್ರತಿವಾದಕ್ಕೆ ಆಹ್ವಾನ.

ಇಂತು,
ನಿನ್ನ ಹಟಮಾರಿ

ತಾ.ಕ.: ಇದು ಸಭೆಗಲ್ಲ, ನಿನಗೊಬ್ಬಳಿಗೇ. ನಮ್ಮ ಕೋಣೆಯನ್ನು ಹುಡುಗಿಗೆ ಕೊಟ್ಟುಬಿಟ್ಟಿದ್ದೇನೆ. ನಿನ್ನೆ ಬಡಗಿ ಬಂದು ನಮ್ಮ ಮಂಚವನ್ನು ಬಿಚ್ಚಿ ಹಾಲ್‌ನಲ್ಲಿ ಜೋಡಿಸಿದ. ಅವಳಿಗೆಂದು ಹೊಸದೊಂದು ಒಂಟಿ ಮಂಚ ಬಂದಿದೆ. ಕೊಕ್ಕರೆಯ ಮಂಚ ಪುಟ್ಟನಿಗೆ. ಹೊರಳಿ ಬೀಳದಂತೆ ಅಡ್ಡಪಟ್ಟಿ ಹೊಡೆಸಿದ್ದೇನೆ. ನಿನ್ನ ಬೀರು ಸಾಮಾನಿನ ಕೋಣೆಯಲ್ಲಿದೆ, ಬೈಯುವುದನ್ನು ಬಂದ ಮೇಲೆ ಬೈ. ನಾಳೆಯಲ್ಲ, ಅದರ ಮುಂದಿನ ಸೋಮವಾರ ಇಬ್ಬರೂ ಬರುತ್ತಾರೆ. ಇಬ್ಬರೂ.