ಸೆಳವಿಗೆ ಹೆಸರು ತಿಳಿಯದು

ಕಂಗಿಕ್ಸುಜುವಾಕ್, ಉತ್ತರದ ಹಿಮಕಡಲ ತೀರ
ಮಾರ್ಚ್, ಹುಣ್ಣಿಮೆಯ ಮಾರನೇ ದಿನ

ನನ್ನ ಮಗಳೂ ನನ್ನ ಅವ್ವನೂ ಆದ ಅಕಿನಿಸಿಗೆ,

ನಿನ್ನ ಕಾಗದ ಬಂತು. ಹುಟ್ಟುವ ಮಗುವಿಗೆ ತೀರಿಹೋದ ನಿನ್ನ ಅಪ್ಪನ ಹೆಸರು ಇಡುವುದಿಲ್ಲ, ಆ ಹೆಸರು ಹೊತ್ತವರನ್ನು ಕಡಲು ಬಿಡುವುದಿಲ್ಲ ಎಂದು ಬರೆದಿದ್ದೀಯ. ಆಗಲಿ. ಹೆಸರು ಬಂದರೆ ಮನುಷ್ಯನೇ ಬಂದ ಹಾಗೆ ಅನ್ನುವವರು ನಾವು. ನನ್ನ ತಾಯಿಯ ಹೆಸರಿಟ್ಟು, ನಿನ್ನನ್ನು ಅವ್ವ ಅವ್ವ ಎಂದೇ ಬೆಳೆಸಿದೆ. ಆದರೂ ನೀನಿರುವ ಪಟ್ಟಣದವರು ಇಡುವಂಥ ಹೆಸರನ್ನೇ ಇಡು, ನನಗೇನೂ ಬೇಸರವಿಲ್ಲ.

ಒಂದು ಮಾತು ಮಾತ್ರ. ಅಪ್ಪನನ್ನು ಕೊಂದದ್ದು ಹೆಸರಲ್ಲ. ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ಚಳಿಗಾಲವಿಡೀ ಓಡುತ್ತದೆ. ಹುಣ್ಣಿಮೆಗೆ ಸೆಳವು ಹೆಚ್ಚಿ ಮಂಜುಗಡ್ಡೆಯನ್ನು ಅಡಿಯಿಂದ ಸವೆಸುತ್ತದೆ. ಅದು ಅವರಿಗೂ ಗೊತ್ತಿತ್ತು. ಆದರೆ ಹೊಸ ಹಿಮ ಬಿದ್ದು ಎಲ್ಲವನ್ನೂ ಮುಚ್ಚಿತ್ತು, ಸವೆದ ಗಡ್ಡೆ ಅವರ ಕಾಲಡಿ ಒಡೆಯಿತು. ಸೆಳವಿಗೆ ಯಾರ ಹೆಸರೂ ತಿಳಿಯದು. ದೇಹವನ್ನು ಎಲ್ಲಿಗೆ ಒಯ್ದಿತೋ, ನಮಗೆ ಸಿಗಲೇ ಇಲ್ಲ.

ನಿನ್ನೆ ನಿನ್ನ ಸೋದರತ್ತೆ ಮಾಟಕ್ಕ ನನ್ನನ್ನು ಪಚ್ಚಿಲೆ ಚಿಪ್ಪು ಆರಿಸಲು ಎಳೆದುಕೊಂಡು ಹೋದಳು. ನಿನ್ನ ಅಪ್ಪ ಹೋದ ಮೇಲೆ ನಾನು ಮಂಜಿನಡಿ ಇಳಿದಿರಲಿಲ್ಲ. ಕಡಲಿನ ಇಳಿತಕ್ಕೆ ಅಡಿಯ ನೀರು ದೂರ ಸರಿದು, ಮಂಜುಗಡ್ಡೆ ಮನೆಯ ಮಾಡಿನ ಹಾಗೆ ಮೇಲೆ ನಿಂತಿತ್ತು. ತೂತು ಕೊರೆದು ಇಳಿದೆವು. ಒಳಗೆ ಅದೇ ಪಾಚಿಯ ವಾಸನೆ, ಕಲ್ಲಿಗೆ ಅಂಟಿದ ಕಪ್ಪು ಚಿಪ್ಪುಗಳು. ಮಾಟಕ್ಕ ಸುಮ್ಮನಿರುತ್ತಾಳೆಯೇ? “ಏನೇ, ಆರಿಸೋಕ್ ಬಂದ್ಯೋ ತಿನ್ನೋಕ್ ಬಂದ್ಯೋ? ಬಕೆಟ್ ಖಾಲಿ, ಬಾಯಿ ಮಾತ್ರ ತುಂಬಿದೆ” ಎಂದಳು. ಎಷ್ಟೋ ದಿನದ ಮೇಲೆ ನಕ್ಕೆ. ನಗುತ್ತಲೇ ಅಳು ಬಂತು.

“ನೀರು ತಿರುಗಿ ಬರ್ತಿದೆ, ಏಳೇ” ಎಂದು ಅವಳು ಕೂಗಿದ್ದು ನನಗೆ ತಡವಾಗಿ ಕೇಳಿಸಿತು. ಗಡಿಬಿಡಿಯಲ್ಲಿ ಬಕೆಟ್ ಅಲ್ಲೇ ಉಳಿಯಿತು, ಮೊಣಕಾಲವರೆಗೆ ನೆನೆದೆ. ವಯಸ್ಸಾಯಿತು, ಕಿವಿ ಮಂದ.

ಮಗುವಿಗೆ ಸೀಲ್ ತೊಗಲಿನ ಕೈಗವಸು ಹೊಲಿದು ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಾಯಿ,
ಕುಮಾಕ್

ತಾ.ಕ.: ನನ್ನ ಕಿವಿ ಚೆನ್ನಾಗಿಯೇ ಇದೆ. ನೀರಿನ ಸದ್ದು ಮಾಟಕ್ಕನಿಗಿಂತ ಮೊದಲು ನನಗೇ ಕೇಳಿಸಿತ್ತು. ಅವರನ್ನು ಒಯ್ದ ನೀರೇ ತಿರುಗಿ ಬರುತ್ತಿದೆ ಅನ್ನಿಸಿ ಕೂತೇ ಇದ್ದೆ. ಅವಳು ನನ್ನ ಕುಲಾವಿ ಹಿಡಿದೆಳೆದು, “ನನ್ನ ತಮ್ಮ ಈ ನೀರಲ್ಲಿ ಬರಲ್ಲ ಕಣೇ, ಅಕಿನಿಸಿ ಮಡಿಲಿಗೆ ಬರ್ತಾನೆ. ಮೇಲೆ ನಡಿ” ಎಂದಳು. ಆ ಹೆಸರು ನೀನು ಒಲ್ಲೆ ಅಂದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಆ ಮಾತು ನಂಬಿಕೊಂಡೇ ಮೇಲೆ ಹತ್ತಿದೆ. ಯಾವ ಹೆಸರಾದರೂ ಇಡು. ಗಂಡಾಗಲಿ ಹೆಣ್ಣಾಗಲಿ, ಮಗು ಹುಟ್ಟಿದ ದಿನ ಒಮ್ಮೆ ಫೋನನ್ನು ಅದರ ಕಿವಿಗೆ ಹಿಡಿ. “ರೀ” ಎಂದು ನಾನು ಕರೆಯಬೇಕು.