ಸೋಮವಾರದ ಮಗು, ಮಂಗಳವಾರದ ಮಗು

ಮಕ್ಕಳ ಆಸ್ಪತ್ರೆಯ ಅಧೀಕ್ಷಕರಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯಲ್ಲಿ ಮಗುವಿಗೆ ಯಾವ ಚಿಕಿತ್ಸೆ ಎಂಬುದನ್ನು ಕಾಯಿಲೆ ತೀರ್ಮಾನಿಸುವುದಿಲ್ಲ, ವಾರ ತೀರ್ಮಾನಿಸುತ್ತದೆ. ಇದೇ ನನ್ನ ದೂರು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಬಸ್ಸು ಓಡಿಸಿ ನಿವೃತ್ತನಾದವನು, ಸುತ್ತಿ ಬಳಸಿದರೆ ಡೀಸೆಲ್ಲಿಗೆ ಜವಾಬು ಕೊಡಬೇಕಿತ್ತು.

ನನ್ನ ಮಗಳಿಗೆ ಅವಳಿ ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಇನ್ನೂ ವರ್ಷ ತುಂಬಿಲ್ಲ. ಇಬ್ಬರಿಗೂ ಒಟ್ಟಿಗೇ ನೆಗಡಿ, ಕೆಮ್ಮು, ಎದೆಯಲ್ಲಿ ಗೊರಗೊರ. ಹುಡುಗಿಯನ್ನು ಸೋಮವಾರ ಸೇರಿಸಿದೆವು, ಹುಡುಗನನ್ನು ಮಂಗಳವಾರ. ನಿಮ್ಮಲ್ಲಿ ಸೋಮವಾರ ಬಂದ ಮಗು ಸೋಮವಾರದ ದೊಡ್ಡ ಡಾಕ್ಟರ ಸೊತ್ತು, ಮಂಗಳವಾರದ್ದು ಮಂಗಳವಾರದವರದು. ಮನೆಗೆ ಹೋಗುವವರೆಗೂ ಒಡೆತನ ಬದಲಾಗುವುದಿಲ್ಲವಂತೆ. ಒಂದೇ ಹೊಟ್ಟೆಯಲ್ಲಿ ಬೆಳೆದವರು ಅಕ್ಕಪಕ್ಕದ ಮಂಚದಲ್ಲಿ ಬೇರೆ ಬೇರೆ ರಾಜ್ಯದ ಪ್ರಜೆಗಳಾದರು.

ಹುಡುಗಿಗೆ ಎಕ್ಸ್‌ರೇ, ಮುಖಕ್ಕೆ ಮತ್ತೆ ಮತ್ತೆ ನೆಬ್ಯುಲೈಸರ್, ಕೈಗೆ ಸೂಜಿ ಚುಚ್ಚಿ ಆಂಟಿಬಯಾಟಿಕ್. ಹುಡುಗನಿಗೆ ಮೂಗು ಶುಚಿ ಮಾಡಿದರು, ಆಕ್ಸಿಜನ್ ನೋಡಿದರು, ತಾಯಿಯ ಹಾಲು ಕುಡಿಸಿ ಎಂದರು. ನನ್ನ ಹೆಂಡತಿಗೆ ಕೆಂಡದಂಥ ಕೋಪ. ಮೊಮ್ಮಗ ಏನು ಪಾಪ ಮಾಡಿದ್ದಾನೆ, ಅವನಿಗೂ ಒಂದು ಡ್ರಿಪ್ ಹಾಕಿ ಎಂದು ನರ್ಸಮ್ಮನ ಬೆನ್ನು ಬಿದ್ದಳು. ಆಗ ಮಂಗಳವಾರದ ಡಾಕ್ಟರಮ್ಮ ನಮ್ಮನ್ನು ವಾರ್ಡಿನ ಬಾಗಿಲಿಗೆ ಕರೆದೊಯ್ದು ಗೋಡೆ ತೋರಿಸಿದರು. ಗಾಜಿನ ಚೌಕಟ್ಟಿನಲ್ಲಿ, ನಿಮ್ಮದೇ ಸಹಿಯೊಂದಿಗೆ, ಚಿಕಿತ್ಸಾ ಮಾರ್ಗಸೂಚಿ! ಎಳೆಮಕ್ಕಳಿಗೆ ವೈರಸ್ಸಿನಿಂದ ಬರುವ ಈ ಉಬ್ಬಸಕ್ಕೆ ಎಕ್ಸ್‌ರೇ, ನೆಬ್ಯುಲೈಸರ್, ಆಂಟಿಬಯಾಟಿಕ್ ಯಾವುದೂ ಮಾಮೂಲಾಗಿ ಬೇಡ. ಉಸಿರು ನೋಡಿ, ಹಾಲು ನಿಲ್ಲಿಸಬೇಡಿ ಎಂದು ಬರೆದಿದೆ.

ಹಾಗಾದರೆ ಹುಡುಗಿಯದು ಏನು ಕಥೆ ಎಂದು ಸೋಮವಾರದ ಚಿಕ್ಕ ಡಾಕ್ಟರನ್ನು ಕೇಳಿದೆ. ಅವರು ಆಚೀಚೆ ನೋಡಿ, "ತಾತ, ಅದನ್ನ ನಾನೂ ಓದಿದ್ದೀನಿ. ಆದ್ರೆ ಬೆಳಗ್ಗೆ ರೌಂಡ್ಸಿಗೆ ಬರೋದು ಬೋರ್ಡಲ್ಲ, ದೊಡ್ಡ ಡಾಕ್ಟ್ರು" ಎಂದರು. ದೊಡ್ಡವರನ್ನೇ ಕೇಳಿದರೆ, ಅದೆಲ್ಲ ಪುಸ್ತಕದ ಬದನೆಕಾಯಿ, ತಮ್ಮದು ಅನುಭವ ಎಂದರು. ನನಗೂ ಅನುಭವವಿತ್ತು ಸ್ವಾಮಿ. ಕೆಂಪು ದೀಪ ಇರುವುದು ಹೊಸ ಡ್ರೈವರುಗಳಿಗೆ ಎಂದು ಬಸ್ಸು ನುಗ್ಗಿಸಿದ್ದರೆ ಯಾರಾದರೂ ನನಗೆ ಹಾರ ಹಾಕುತ್ತಿದ್ದರೇ? ಆಂಬುಲೆನ್ಸಿಗೆ ದಾರಿ ಬಿಡಲು ನಾನೂ ನಿಯಮ ಮೀರಿದ್ದುಂಟು. ಯಾಕೆ ಮೀರಿದೆ ಎಂದು ಕೇಳಿದವರಿಗೆ ಹೇಳಲು ಕಾರಣವಿತ್ತು.

ಔಷಧಿ ಏನೂ ಪಡೆಯದ ಹುಡುಗ ಮೊದಲು ಮನೆಗೆ ಬಂದ. ಎಲ್ಲ ಪಡೆದ ಹುಡುಗಿಗೆ ಭೇದಿ ಹತ್ತಿತು, ಸೂಜಿ ಹಾಕಿದ ಕೈ ಊದಿತು, ಆ ಸೂಜಿ ತೆಗೆದು ಇನ್ನೊಂದು ಕೈಗೆ ಚುಚ್ಚಿದರು. ಈಗ ಅವಳೂ ಮನೆಯಲ್ಲಿದ್ದಾಳೆ, ಊತ ಇಳಿದಿದೆ. ಆದರೆ ಹೆತ್ತ ತಾಯಿ ಅವಳ ಕೈ ತೊಳೆಯಲು ಹೋದರೂ ಕಿರುಚಿ ಕೈ ಎಳೆದುಕೊಳ್ಳುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ವೈದ್ಯರ ವಿವೇಚನೆಗೆ ಬೀಗ ಹಾಕಿ ಎನ್ನುತ್ತಿಲ್ಲ. ಮಾರ್ಗಸೂಚಿ ವಾರದ ಎಲ್ಲ ದಿನವೂ ನಡೆಯಲಿ. ಅದನ್ನು ಬಿಟ್ಟು ನಡೆಯುವವರು, ಈ ಮಗುವಿಗೆ ಯಾಕೆ ಬಿಟ್ಟೆ ಎಂದು ತಾಯಿಯ ಮುಂದೆ ಹೇಳಿ, ಕೇಸ್ ಶೀಟಿನಲ್ಲಿ ಬರೆಯಲಿ. ಈ ಆದೇಶವನ್ನು ಕೂಡಲೇ ಹೊರಡಿಸಿ. ಅದು ಆಗದ ಮಾತಾದರೆ, ಮಕ್ಕಳು ಯಾವ ದಿನ ಕಾಯಿಲೆ ಬೀಳುವುದು ಕ್ಷೇಮ ಎಂದು ಗೇಟಿನಲ್ಲಾದರೂ ಬರೆಸಿ.

ಇಂತಿ,
ಮಂಗಳವಾರದವರೆಗೆ ಕಾಯದೆ ಮೊಮ್ಮಗಳನ್ನು ಎತ್ತಿಕೊಂಡು ಓಡಿಬಂದ ತಾತ