ಹೊಡೆಯುವ ಕೂಗು

ಬಿಳಿಚೋಡು
14-9-2025, ಭಾನುವಾರ

ಅನ್ನಪೂರ್ಣಕ್ಕನಿಗೆ,

ಅವ್ವನ ಕೂಗು ರೆಕಾರ್ಡ್ ಆಗಿದ್ದ ಫೋನು ನೀರಿನ ತೊಟ್ಟಿಗೆ ಬಿದ್ದು ಹಾಳಾಯಿತು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಫೋನು ಚೆನ್ನಾಗಿಯೇ ಇದೆ. ಕೂಗನ್ನು ನಾನೇ ಅಳಿಸಿದೆ. ಐದು ತಿಂಗಳಾಯಿತು. ನೀನು ನ್ಯಾಮತಿಯಿಂದ ಫೋನು ಮಾಡಿದಾಗಲೆಲ್ಲ ಹೇಳಬೇಕು ಅಂದುಕೊಂಡು, ಪುಟ್ಟಿಯ ಹಲ್ಲಿನ ವಿಷಯ ಮಾತಾಡಿ ಇಟ್ಟುಬಿಡುತ್ತಿದ್ದೆ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಈ ಕಾಗದ. ತಡವಾಗಿದ್ದಕ್ಕೂ ಸೇರಿಸಿ ಬೈದುಬಿಡು.

ನೀನು, ಭಾವ, ಪುಟ್ಟಿ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪ ಆರಾಮವಾಗಿದ್ದಾನೆ. ಅವ್ವನ ಗಂಟಲಿನ ಗಾಯ ಪೂರ್ತಿ ಮಾಗಿದೆ. ಆಪರೇಷನ್ ಆದಮೇಲೆ ದನಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಈಗ ಏನು ಬೇಕಾದರೂ ಚಪ್ಪಾಳೆ ತಟ್ಟಿ ಕರೆಯುತ್ತಾಳೆ. ಕುರಿಗಳಿಗೆ ಚಪ್ಪಾಳೆ ಅರ್ಥವಾಗುವುದಿಲ್ಲ.

ನಡೆದದ್ದು ಇದು. ‘ಮಂದೆ ಮಗಳು’ ಧಾರಾವಾಹಿಯನ್ನು ಮೊಬೈಲ್ ಗೇಮ್ ಮಾಡುತ್ತಿದ್ದಾರೆ, ಕುರಿ ಕಾಯುವವರ ನಿಜವಾದ ಕೂಗು ಬೇಕಂತೆ ಎಂದು ಹುಬ್ಬಳ್ಳಿಯ ಕಂಪನಿಯವನೊಬ್ಬ ಚನ್ನಗಿರಿಯಲ್ಲಿ ನಾನು ಕೆಲಸಕ್ಕಿದ್ದ ಮೊಬೈಲ್ ಅಂಗಡಿಗೆ ಬಂದಿದ್ದ. ಹೆಸರು ನಾಗರಾಜ್. ಆ ಧಾರಾವಾಹಿ ಶುರುವಾದರೆ ನಮ್ಮನೆಯಲ್ಲಿ ಯಾರೂ ಮೇಲೇಳುತ್ತಿರಲಿಲ್ಲ, ನೆನಪಿದೆಯಾ? ಅದರ ನಾಯಕಿ ಗಂಗಿ ಕೋಲು ಹಿಡಿಯುವವಳಲ್ಲ. ಒಂದು ಕೂಗು ಹಾಕಿದರೆ ಇಡೀ ಮಂದೆ ತಿರುಗಿ ಬರುತ್ತಿತ್ತು. “ಇವ್ಳು ನಮ್ಮೋಳು ಕಣ್ರೇ, ಒಂದು ಮರಿಗೂ ಏಟು ಹಾಕಲ್ಲ ನೋಡ್ರಿ” ಎನ್ನುತ್ತಿದ್ದಳು ಅವ್ವ.

ಆಪರೇಷನ್‌ಗೆ ಎರಡು ದಿನ ಮುಂಚೆ ಹೊಲದಲ್ಲಿ ಅವ್ವನ ಕೂಗನ್ನು ನಾನು ರೆಕಾರ್ಡ್ ಮಾಡಿಕೊಂಡಿದ್ದೆನಲ್ಲ, ಅದನ್ನು ಅವನಿಗೆ ಕೇಳಿಸಿದೆ. “ಗೇಮಿನ್ಯಾಗ ನಿನ್ನ ಹೆಸರು ಬರ್ತೈತವ್ವಾ. ಆದ್ರ ಇದು ಬ್ಯಾರೆ ಯಾರ ಕಡೆನೂ ಇರಬಾರ್ದು” ಅಂದ. ಶಾಲೆ ಬಿಟ್ಟವಳು, ಶಾಲೆ ಬಿಟ್ಟವಳು ಎಂದು ಆಡಿಕೊಳ್ಳುವವರ ಕಣ್ಣಿಗೆ ನನ್ನ ಹೆಸರು ಬೀಳಲಿ ಎಂಬ ಆಸೆ ನನಗಿತ್ತು. ಅವನಿಗೆ ಕಳಿಸಿ, ಅವನೆದುರೇ ಅಳಿಸಿದೆ. ಅಂಗಡಿಯ ಬೆನಕಪ್ಪ ಪಕ್ಕಕ್ಕೆ ಕರೆದು, “ಏ ಹುಚ್ಚಿ, ಒಂದು ಕಾಪಿ ಇಟ್ಕಳೇ. ಅವ್ನೇನು ಬಂದು ನಿನ್ ಜೇಬು ನೋಡ್ತಾನಾ?” ಎಂದರು. ಮಾತು ಕೊಟ್ಟಿದ್ದೀನಿ ಅಂದೆ. ಯಾರೋ ದಾರಿಹೋಕನಿಗೆ ನನ್ನ ನಿಯತ್ತು, ನಿನಗೆ ಸುಳ್ಳು. ನನ್ನ ಮೇಲಿನ ಸಿಟ್ಟು ಅದು. ಕಂಪನಿಯವರ ಮೇಲಿನ ಸಿಟ್ಟು ಬೇರೆ.

ಗಣೇಶನ ಹಬ್ಬಕ್ಕೆ ಗೇಮ್ ಬಂತು. ಅಕ್ಕಾ, ಅದನ್ನು ಮಾಡಿದವರು ಧಾರಾವಾಹಿಯ ಒಂದು ಕಂತನ್ನೂ ನೋಡಿದವರಲ್ಲ. ಗಂಗಿಗೆ ಗೊಂಬೆಯ ಮುಖ, ಮೊಣಕಾಲುದ್ದದ ಬೂಟು. ಹೊಲ ಕ್ರಿಕೆಟ್ ಮೈದಾನದ ಹಾಗೆ ಹಸಿರು. ನಮ್ಮ ಕರಿ ಕುರಿ ಒಂದೂ ಇಲ್ಲ, ಎಲ್ಲ ಬಿಳಿ, ಕೊರಳಲ್ಲಿ ರಿಬ್ಬನ್ನು. ಗಂಗಿ ಪ್ರತಿ ಕುರಿಯನ್ನೂ ಹೆಸರಿಟ್ಟು ಕರೆಯುತ್ತಿದ್ದಳು, ಇಲ್ಲಿ ಅವುಗಳ ಬೆನ್ನ ಮೇಲೆ ನಂಬರು. ಎರಡು ನಿಮಿಷಕ್ಕೊಂದು ಜಾಹೀರಾತು. ಇಷ್ಟೇ ಆಗಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ. ಆದರೆ ಗಂಗಿಯ ಕೈಗೆ ಕೋಲು ಕೊಟ್ಟಿದ್ದಾರೆ. ಕೋಲಿನ ಚಿತ್ರ ಒತ್ತಿದರೆ ಕುರಿಗೆ ಏಟು ಬೀಳುತ್ತದೆ. ಏಟಿನ ಜೊತೆಗೆ ಕೇಳುವುದು ಅವ್ವನ ದನಿ: “ಬರ್ರೇ ನಮ್ಮವ್ವ, ಬರ್ರೇ...” ಪ್ರತಿ ಏಟಿಗೂ.

ನಾಗರಾಜನಿಗೆ ಫೋನು ಹಚ್ಚಿದೆ. “ನೀನ ಬರೆದು ಕಳಿಸೀದಿಯಲ್ಲವ್ವಾ, ‘ಕುರಿ ಹೊಡೆಯುವ ಕೂಗು’ ಅಂತ” ಅಂದ. ನಿಜ, ನಾನೇ ಬರೆದಿದ್ದೆ. ಹುಟ್ಟಿದಾಗಿನಿಂದ ನಾವು ಆಡುವ ಮಾತು ಅದು. ಕುರಿ ಹೊಡೆಯುವುದೆಂದರೆ ಮಂದೆಯನ್ನು ನಡೆಸಿಕೊಂಡು ಬರುವುದು, ಅದರಲ್ಲಿ ಏಟು ಎಲ್ಲಿಂದ ಬಂತು?

“ಗಾಡಿ ಹೊಡೆಯೋನು ಗಾಡಿಗೆ ಏಟು ಹಾಕ್ತಾನೇನ್ರೀ?” ಎಂದು ಕೇಳಿದೆ.

“ಆಫೀಸಿನ್ಯಾಗ ಹುಡುಗ್ರು ಹಂಗ ತಿಳ್ಕೊಂಡಾರ. ನೀ ಎಷ್ಟನೇತ್ತಾ ತನಕ ಓದೀದಿ?”

“ಒಂಬತ್ತು. ಹತ್ತು ಅರ್ಧಕ್ಕೆ ಬಿಟ್ಟೆ. ನೀವು ಓದಿರೋರು, ಒಂದು ಮಾತು ಕೇಳಾಕೆ ಏನಾಗಿತ್ತು?”

ನಕ್ಕುಬಿಟ್ಟ, ಅಕ್ಕಾ. ಕೋಲು ತೆಗೆಯಿರಿ ಅಂದೆ, ಆಗುವುದಿಲ್ಲವಂತೆ. ಹಾಗಾದರೆ ನಾನು ಕಳಿಸಿದ್ದನ್ನು ಪೂರ್ತಿ ವಾಪಸ್ ಕೊಡಿ ಅಂದೆ. ಗೇಮಿನಲ್ಲಿರುವುದು ಮೂರು ಸೆಕೆಂಡು ಮಾತ್ರ. ನಾನು ಕಳಿಸಿದ್ದರಲ್ಲಿ ಕೂಗು ಮುಗಿದ ಮೇಲೆ ಅವ್ವ ಕೆಮ್ಮಿ, “ಸಾಕೇನೇ ಸುಚೀ? ಅನ್ನಪೂರ್ಣಂಗೂ ಒಂದ್ಸಲ ಕೇಳ್ಸು” ಅನ್ನುತ್ತಾಳೆ. ನಿನಗೆ ಕೇಳಿಸಲಿಲ್ಲ. ಅದನ್ನೂ ಸೇರಿಸಿ ಅಳಿಸಿದೆ. “ಹಳೇದೆಲ್ಲಾ ಎಲ್ಲೈತೋ ಏನೋ, ಬೇಕಾದ್ರ ಆಫೀಸಿಗೆ ಬಂದು ಕೇಳು” ಎಂದು ಫೋನಿಟ್ಟ.

ಕ್ಷಮಿಸು ಎಂದು ಕೇಳುವುದಿಲ್ಲ. ಅದು ನಿನಗೆ ಸೇರಿದ್ದಾಗಿತ್ತು, ಕಳೆದವಳು ನಾನು. ಪುಟ್ಟಿ ಚೆನ್ನಾಗಿ ಬೆಳೆಯಲಿ, ಅಜ್ಜಿಯ ದನಿ ಅವಳಿಗೆ ಬರಲಿ. ಭಾವನಿಗೆ ನಮಸ್ಕಾರ.

ನಿನ್ನ ಬೈಗುಳಕ್ಕೆ ಕಾದಿರುವ ತಂಗಿ,
ಸುಚಿತ್ರಾ

ಸಹಿಯ ಕೆಳಗೆ, ಮರೆತಿದ್ದು ಅಂತ ಬರೆಯುವ ಜಾಗ ಇದು, ಆದರೆ ಮರೆತಿರಲಿಲ್ಲ. ಬರೆಯಲು ಕೈ ಬರಲಿಲ್ಲ. ಈ ಗೇಮನ್ನು ಅವ್ವನಿಗೆ ತೋರಿಸಬಾರದು ಅಂದುಕೊಂಡಿದ್ದೆ. ಮೊನ್ನೆ ಶುಕ್ರವಾರ ಮಧ್ಯಾಹ್ನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಕುರಿ ರೊಪ್ಪದ ಬಾಗಿಲಲ್ಲಿ ಕೂತು ನನ್ನ ಫೋನು ಹಿಡಿದಿದ್ದಳು. ಕೋಲಿನ ಚಿತ್ರ ಒತ್ತುತ್ತಿದ್ದಳು. ಕುರಿಗೆ ಏಟು ಬೀಳುತ್ತಿತ್ತು, “ಬರ್ರೇ ನಮ್ಮವ್ವ” ಎಂದು ಅವಳ ದನಿ ಬರುತ್ತಿತ್ತು. ಮತ್ತೆ ಒತ್ತುತ್ತಿದ್ದಳು. ಯಾವತ್ತೂ ಒಂದು ಮರಿಗೂ ಏಟು ಹಾಕದವಳು, ತನ್ನ ದನಿ ಕೇಳಲು ಹೊಡೆದೇ ಹೊಡೆದಳು. ರೊಪ್ಪದೊಳಗಿನ ನಮ್ಮ ಕುರಿಗಳೆಲ್ಲ ಆ ಕೂಗಿಗೆ ಎದ್ದು ಬಂದು ಅವಳ ಸುತ್ತ ನಿಂತಿದ್ದವು. ನನ್ನನ್ನು ನೋಡಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಕದ್ದವಳ ಹಾಗೆ.

ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹುಬ್ಬಳ್ಳಿಗೆ ಹೊರಡುತ್ತೇನೆ.